ರೊಟ್ಟಿ ಬಡಿಯದ ಎಂಟು ದಿನ

ಮೊದಲ ಸಲ ಆ ಹುಡುಗಿ ನಮ್ಮ ಮನೆಗೆ ಬಂದಾಗ ನನ್ನ ಹೆಬ್ಬೆಟ್ಟು ನಾಪಾಸಾಯಿತು. ಬಲಗೈಯದೂ ಆಯಿತು, ಎಡಗೈಯದೂ ಆಯಿತು. ಆಮೇಲೆ ತೋರುಬೆರಳುಗಳೂ ಅದೇ ದಾರಿ ಹಿಡಿದವು.

ಹುಡುಗಿ ಎಂದೆನೇ ಹೊರತು ಅವಳಿಗೆ ಮೂವತ್ತೈದಾದರೂ ಆಗಿರಬೇಕು. ಬೆಳಗಾವಿ ಕಡೆಯವಳು, ಮದುವೆಯಾಗಿ ಪುಣೆಗೆ ಬಂದವಳು. ಬಾಡಿಗೆ ಮನೆಯ ಕರಾರುಪತ್ರ ನೋಂದಾಯಿಸಿಕೊಡುವುದು ಅವಳ ಉದ್ಯೋಗ. ಹಿಂದೆ ಇದಕ್ಕಾಗಿ ಸರಕಾರಿ ಕಚೇರಿಯ ಬಾಗಿಲಲ್ಲಿ ಕಾಲು ಬಾಯುವ ತನಕ ನಿಲ್ಲಬೇಕಿತ್ತು. ಈಗ ಕಚೇರಿಯೇ ಸ್ಕೂಟರ್ ಹತ್ತಿ ಕೋಥರೂಡದ ಮನೆಮನೆಗೆ ಬರುತ್ತದೆ. ಅವಳ ಹೆಗಲಚೀಲದಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಪುಟಾಣಿ ಕ್ಯಾಮೆರಾ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಕರಿಯ ಡಬ್ಬಿ. ಡಬ್ಬಿಯ ಮೇಲೆ ಗಾಜು. ಗಾಜಿನ ಮೇಲೆ ಬೆರಳಿಟ್ಟರೆ ಒಳಗೆ ದೀಪ ಹೊತ್ತುತ್ತದೆ. ಆಧಾರ್ ಮಾಡಿಸುವಾಗ ಕೊಟ್ಟ ಗುರುತಿಗೆ ನಿಮ್ಮ ಬೆರಳು ಹೊಂದಿದರೆ ಪರದೆಯ ಮೇಲೆ ಹಸಿರು, ಹೊಂದದಿದ್ದರೆ ಕೆಂಪು. ನನಗೆ ನಾಲ್ಕು ಸಲವೂ ಕೆಂಪು.

ಹುಡುಗಿ ನನ್ನ ಬೆರಳುಗಳನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು.

"ಅಜ್ಜೀ, ದಿನಾ ಜ್ವಾಳದ ರೊಟ್ಟಿ ಬಡಿತೀರೇನ್ರಿ?"

"ಬಡಿತೀನಿ. ಯಾಕ, ಹಸಿವ್ಯಾಗೇದೇನು?"

"ಅದಲ್ರಿ! ಬೆರಳಿನ ಗೆರಿ ಎಲ್ಲಾ ಸವದು ಹೋಗ್ಯಾವ. ನಮ್ಮವ್ವಂದೂ ಹಿಂಗ ಆಗಿತ್ತು. ಎಂಟು ದಿನ ರೊಟ್ಟಿ ಬಿಡ್ರಿ, ಭಾಂಡಿ ತಿಕ್ಕೂದು ಬಿಡ್ರಿ, ಬಿಸಿ ತವಾ ಮುಟ್ಟಬ್ಯಾಡ್ರಿ. ಎಣ್ಣಿ ಹಚ್ಚಿ ಕೈಗೆ ಆರಾಮ ಕೊಡ್ರಿ. ಗೆರಿ ಮತ್ತ ಮ್ಯಾಲೆ ಬರ್ತಾವ."

"ಇದನ್ನೆಲ್ಲಾ ಫೋನಿನ್ಯಾಗ ಮಾಡ್ಲಿಕ್ಕೆ ಬರೂದಿಲ್ಲೇನವಾ? ಫೋನಿನ್ಯಾಗ ಏನೇನೋ ಮಾಡ್ತಾರ ಮಂದಿ."

"ಇಲ್ರಿ. ಈ ಡಬ್ಬಿ ವಿಂಡೋಸ್ ಇದ್ದ ಕಂಪ್ಯೂಟರ್ ಕೂಡ ಅಷ್ಟ ಮಾತಾಡ್ತದ. ಬ್ಯಾರೆದಕ್ಕ ಹಚ್ಚಿದ್ರ ಬಾಯಿ ಮುಚ್ಕೊಂಡು ಕುಂದರ್ತದ. ನಂದು ಪೂರಾ ಧಂದೆ ಇದರ ಮ್ಯಾಲೆ ಅದ ನೋಡ್ರಿ."

ಈ ಮಾತು ನಡೆಯುತ್ತಿದ್ದಾಗ ನನ್ನ ಮಗ ಸೋಫಾದ ತುದಿಯಲ್ಲಿ ಕುಳಿತಿದ್ದ. ಅವನು ಕಚೇರಿಯಲ್ಲಿ ಕಡತ ನೋಡುವ ಮನುಷ್ಯ, ಮನೆಯಲ್ಲೂ ಎಲ್ಲವನ್ನೂ ಕಡತದಂತೆಯೇ ನೋಡುತ್ತಾನೆ. ಅವನು ಕೆಮ್ಮಿದ. ಆ ಕೆಮ್ಮು ನನಗೆ ಗೊತ್ತು. ಅದರ ಹಿಂದೆ ಬುದ್ಧಿಮಾತು ಬರುತ್ತದೆ.

"ಅವ್ವಾ, ನಾ ಹೇಳಿದ್ದೆ ನೋಡು. ಒಂದು ಮುಖತ್ಯಾರಪತ್ರ ಮಾಡಿಕೊಟ್ಟುಬಿಡು. ನಿನ್ನ ಬದಲಿ ನಾ ಸಹಿ ಮಾಡ್ತೀನಿ. ಬೆರಳಿನ ತ್ರಾಸೂ ಇಲ್ಲ, ನಿನಗ ಬಿಬವೇವಾಡಿ ತನಕ ಅಡ್ಡಾಡೂದೂ ಬ್ಯಾಡ."

ಬಿಬವೇವಾಡಿಯಲ್ಲಿ ಒಂದು ಖೋಲಿ, ಒಂದು ಅಡುಗೆಮನೆ ನನ್ನ ಹೆಸರಿನಲ್ಲಿದೆ. ನಮ್ಮ ಮನೆಯವರು ಅಲ್ಲಿನ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದಾಗ ಕೊಂಡದ್ದು. ಮಗನ ಮದುವೆಗೆ ಮುಂಚೆಯೇ ಅವರು ಹೋದರು. ಆಮೇಲೆ ನಾನು ಕೋಥರೂಡಕ್ಕೆ ಮಗನ ಮನೆಗೆ ಬಂದೆ, ಆ ಖೋಲಿ ಬಾಡಿಗೆಗೆ ಹೋಯಿತು. ತಿಂಗಳಿಗೊಮ್ಮೆ ನಾನು ಬಸ್ಸು ಹತ್ತಿ, ಸ್ವಾರಗೇಟಿನಲ್ಲಿ ಇನ್ನೊಂದು ಬಸ್ಸಿಗೆ ಬದಲಿಸಿ, ಅಲ್ಲಿಗೆ ಹೋಗುತ್ತೇನೆ. ನಲ್ಲಿ ಸೋರುತ್ತಿದೆಯೋ ನೋಡುತ್ತೇನೆ. ಪಕ್ಕದ ಮನೆಯಾಕೆಯ ಹತ್ತಿರ ಕುಳಿತು ಇಡೀ ಚಾಳಿನ ಸುದ್ದಿ ಕೇಳುತ್ತೇನೆ. ಬರುವಾಗ ಮಾರುಕಟ್ಟೆಯಲ್ಲಿ ಸೊಪ್ಪು ಚೌಕಾಶಿ ಮಾಡಿ ತರುತ್ತೇನೆ. ಇಡೀ ತಿಂಗಳಲ್ಲಿ 'ನನಗೆ ಕೆಲಸ ಇದೆ, ಹೋಗಿ ಬರುತ್ತೇನೆ' ಎಂದು ನಾನು ಹೇಳಬಹುದಾದ ದಿನ ಅದೊಂದೇ. ಮುಖತ್ಯಾರಪತ್ರಕ್ಕೆ ಸಹಿ ಮಾಡಿದರೆ ಆ ದಿನವೂ ಮಗನ ಕಡತಕ್ಕೆ ಸೇರುತ್ತದೆ.

ಈ ಸಲದ ಬಾಡಿಗೆದಾರಳನ್ನೂ ನಾನೇ ಆರಿಸಿದ್ದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಗಸು, ಜೊತೆಗೆ ಅವಳ ತಾಯಿ. ಗಂಡಸಿಲ್ಲದ ಮನೆ ಎಂದು ನಾಲ್ಕು ಕಡೆ ಬಾಗಿಲು ಹಾಕಿಸಿಕೊಂಡು ಬಂದಿದ್ದಳು. ಮಗನಿಗೆ ತನ್ನ ಕಚೇರಿಯವನೊಬ್ಬನನ್ನು ಇಡುವ ಮನಸ್ಸಿತ್ತು.

"ಎಂಟು ದಿನ ಕೊಡು," ಎಂದೆ ಮಗನಿಗೆ. "ಆಮ್ಯಾಲೂ ಬೆರಳು ಹಿಡೀಲಿಲ್ಲಂದ್ರ ನಿನ್ನ ಕಾಗದಕ್ಕ ಸಹಿ ಮಾಡ್ತೀನಿ."

"ಖರೇನ?"

"ಖರೇನ. ಈಕಿ ಸಾಕ್ಷಿ."

ಹುಡುಗಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಮುಂದಿನ ವಾರ ಬರುವುದಾಗಿ ಹೇಳಿ ಹೋದಳು.

ಮಾತು ಕೊಟ್ಟದ್ದೇನೋ ಸುಲಭವಾಗಿ ಕೊಟ್ಟೆ. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಸೊಸೆ ನಿಂತಿದ್ದಾಗ ನನ್ನ ಕೈಗಳಿಗೆ ಎಲ್ಲಿರಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟೆ. ಬೆನ್ನ ಹಿಂದೆ ಕಟ್ಟಿದೆ. ಸೀರೆಯ ಸೆರಗು ಸುತ್ತಿದೆ. ಸೊಸೆ ಮದುವೆಯಾಗಿ ಬಂದ ದಿನದಿಂದ ನಾನು ಅವಳಿಗೆ ರೊಟ್ಟಿಗೆ ಕೈ ಹಚ್ಚಲು ಬಿಟ್ಟಿರಲಿಲ್ಲ. ತಪ್ಪು ನನ್ನದೇ, ಒಪ್ಪುತ್ತೇನೆ. ಅವಳ ಮೊದಲ ದಿನದ ರೊಟ್ಟಿ ಮಹಾರಾಷ್ಟ್ರದ ನಕಾಶೆಯಂತೆ ಬಂತು. ಎರಡನೆಯ ದಿನ ಅದಕ್ಕೆ ಗೋವಾ ಕೂಡ ಸೇರಿತು.

"ನೀರು ಕಡಿಮಿ ಆತು," ಎಂದೆ.

"ಅತ್ಯಾರ, ನೀವು ಹೊರಗ ಕೂಡ್ರಿ."

"ನಾ ಏನೂ ಮುಟ್ಟಿಲ್ಲಲ್ಲ?"

"ಬಾಯಿಲೆ ಬಡಿಲಿಕ್ಕತ್ತೀರಿ."

ಹೊರಗೆ ಕುಳಿತೆ, ಮತ್ತೆ ಎದ್ದೆ. ಬಾಲ್ಕನಿಗೆ ಹೋದೆ, ಬಂದೆ. ನನ್ನ ಕಾಟ ತಾಳಲಾರದೆ ಮೊಮ್ಮಗಳು ತನ್ನ ಹಳೆಯ ಫೋನು ತಂದು ಕೈಗೆ ಕೊಟ್ಟಳು. ಕನ್ನಡ ಅಕ್ಷರದ ಕೀಲಿಮಣೆ ಹಾಕಿಕೊಟ್ಟಳು. ಫೋನಿಗೂ ಬೆರಳಿನ ಬೀಗ ಇತ್ತು, ಅದೂ ನನ್ನನ್ನು ಒಳಗೆ ಬಿಡಲಿಲ್ಲ. ಕೊನೆಗೆ ನಾಲ್ಕು ಅಂಕಿಗಳ ಗುಟ್ಟು ಹಾಕಿದಳು. ನಾನು ಟೈಪ್ ಮಾಡಲು ಕಲಿತದ್ದು ಹೀಗೆ, ಕೈ ತುರಿಕೆಗೆ. ಮೊದಲ ದಿನ ನನ್ನ ಹೆಸರು ಬರೆಯಲು ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಐದನೆಯ ದಿನ ಸೊಸೆಗೆ ಅಡುಗೆಮನೆಯ ಹೊರಗಿನಿಂದಲೇ ಸಂದೇಶ ಕಳಿಸಿದೆ: 'ಉರಿ ಸಣ್ಣ ಮಾಡು.' ಅವಳು ಉತ್ತರವಾಗಿ ಒಂದು ಸಿಟ್ಟಿನ ಕೆಂಪು ಮುಖ ಕಳಿಸಿದಳು.

ಫೋನು ಬೇಸರವಾದಾಗ ಬೀದಿಗಿಳಿಯುತ್ತಿದ್ದೆ. ಕೆಲಸವಿಲ್ಲದೆ ಹೊರಗೆ ಅಲೆದು ನನಗೆ ಅಭ್ಯಾಸವಿಲ್ಲ, ಹಾಗಾಗಿ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ. ನಮ್ಮ ಸೊಸೈಟಿಯ ಕೆಳಗಿನ ರಕ್ತ ತಪಾಸಣೆಯ ಲ್ಯಾಬಿನಲ್ಲಿ ನನ್ನ ಸಕ್ಕರೆಯ ವರದಿ ಬರುವುದಿತ್ತು. ಅಲ್ಲಿನ ಹುಡುಗಿ ಪರದೆಯ ಮುಂದೆ ಗಲ್ಲಕ್ಕೆ ಕೈ ಹಚ್ಚಿ ಕುಳಿತಿದ್ದಳು. "ಆಜೀ, ಪಾಂಚ ಮಿನಿಟ ಥಾಂಬಾ," ಎಂದಳು. ಪರದೆಯ ಮೇಲೆ ಚುಕ್ಕೆಗಳ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು. ಐದು ನಿಮಿಷ ಹಾಳಾಗಬಾರದೆಂದು ಪಕ್ಕದ ಚಷ್ಮಾ ಅಂಗಡಿಗೆ ಹೋದೆ. ಅವನು ಗಿರಾಕಿಯ ಕಣ್ಣಿನ ಮುಂದೆ ಯಂತ್ರ ಇಟ್ಟು ಪರದೆ ನೋಡುತ್ತಿದ್ದ. ಆಚೆ ಪಾಸ್‌ಪೋರ್ಟ್ ಫೋಟೋದವನು. ಅವನ ಪಕ್ಕದಲ್ಲಿ ಲಗ್ನಪತ್ರಿಕೆ ಛಾಪಿಸುವವನು. ಎಲ್ಲರ ಪರದೆಯ ಮೂಲೆಯಲ್ಲೂ ನಾಲ್ಕು ಗಾಜಿನ ಕಿಟಕಿಯಂಥ ಅದೇ ನೀಲಿ ಗುರುತು. ನಮ್ಮ ಕರಾರಿನ ಹುಡುಗಿಯ ಲ್ಯಾಪ್‌ಟಾಪಿನಲ್ಲೂ ಅದನ್ನೇ ನೋಡಿದ್ದೆ.

ಲ್ಯಾಬಿಗೆ ಮರಳಿ ಬಂದು ಕೇಳಿಯೇಬಿಟ್ಟೆ, ನನ್ನ ಮರಾಠಿಯಲ್ಲಿ: ಚಷ್ಮಾದವರು, ಫೋಟೋದವರು, ಪತ್ರಿಕೆಯವರು, ಎಲ್ಲವೂ ನಿಮ್ಮ ಮಾಲೀಕರದೇ ಅಂಗಡಿಗಳೇ?

ಹುಡುಗಿ ನಕ್ಕು ನಕ್ಕು ನನ್ನ ವರದಿಯನ್ನು ಬೇರೆಯವರ ಲಕೋಟೆಗೆ ಹಾಕುವುದರಲ್ಲಿದ್ದಳು. ಆಮೇಲೆ ತಿಳಿಸಿ ಹೇಳಿದಳು. ಅದು ಮಾಲೀಕರ ಗುರುತಲ್ಲ, ಕಂಪ್ಯೂಟರನ್ನು ಒಳಗಿನಿಂದ ನಡೆಸುವ ವ್ಯವಸ್ಥೆಯ ಗುರುತು. ಒಬ್ಬರು ಅದರಲ್ಲಿ ರಕ್ತ ಎಣಿಸುತ್ತಾರೆ, ಒಬ್ಬರು ಕಣ್ಣು ಅಳೆಯುತ್ತಾರೆ, ಒಬ್ಬರು ಮದುಮಕ್ಕಳ ಹೆಸರಿಗೆ ಹೂಬಳ್ಳಿ ಸುತ್ತುತ್ತಾರೆ. ಆ ಚಕ್ರ ತಿರುಗತೊಡಗಿದಾಗ ಮಾತ್ರ ಎಲ್ಲರೂ ಒಂದೇ ಥರ, ಕೈ ಕಟ್ಟಿ, ಕಾಲು ಕುಣಿಸುತ್ತ ಕೂಡುತ್ತಾರೆ. ಅವರನ್ನು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಆ ವಾರ ಕೋಥರೂಡದಲ್ಲಿ ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದವಳು ನಾನೊಬ್ಬಳೇ ಆಗಿರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಹುಡುಗಿ ಬಂದಳು. ನರ್ಸಿನ ಬೆರಳಿನ ಗುರುತನ್ನು ಬೆಳಿಗ್ಗೆಯೇ ತೆಗೆದುಕೊಂಡಿದ್ದಳು. ಸಾಕ್ಷಿಯಾಗಿ ಮಗ ಬೆರಳಿಟ್ಟ, ಒಂದೇ ಏಟಿಗೆ ಹಸಿರು. ಹುಟ್ಟಿದಾಗಿನಿಂದ ಪೆನ್ನಿಗಿಂತ ಭಾರವಾದದ್ದನ್ನು ಎತ್ತದ ಬೆರಳು, ಹಿಡಿಯದೆ ಏನು ಮಾಡೀತು?

"ಅಜ್ಜೀ, ಈಗ ಹೊಸಾ ನಿಯಮ ಬಂದದ, ಮೂರ ಸಲ ಅಷ್ಟ ಬಿಡ್ತದ್ರಿ. ಮೂರೂ ತಪ್ಪಿದ್ರ ಬಂದ್," ಎಂದಳು ಹುಡುಗಿ. ನನ್ನ ಬೆರಳನ್ನು ತನ್ನ ದುಪಟ್ಟಾದಿಂದ ಒರೆಸಿ, ಗಾಜಿನ ಮೇಲೆ ಇಡಿಸಿ, ಮೇಲಿನಿಂದ ಒತ್ತಿದಳು.

ಬಲಗೈ ಹೆಬ್ಬೆಟ್ಟು. ಕೆಂಪು.

ಎಡಗೈ ಹೆಬ್ಬೆಟ್ಟು. ಚಕ್ರ ಬಹಳ ಹೊತ್ತು ತಿರುಗಿತು. ಕೆಂಪು.

ಎಂಟು ದಿನದ ಎಣ್ಣೆ, ಎಂಟು ದಿನದ ನಕಾಶೆ ರೊಟ್ಟಿ, ಎಲ್ಲ ದಂಡ. ಮಗ ಕೆಮ್ಮಿದ. ಮೂರನೆಯದಕ್ಕೆ ಯಾವ ಬೆರಳು ಎಂದು ಹುಡುಗಿ ಯೋಚಿಸುತ್ತಿರುವಾಗಲೇ ಪರದೆ ಪೂರ್ತಿ ನೀಲಿಯಾಯಿತು. ನಡುವೆ ಚಕ್ರ, ಕೆಳಗೆ ಶೇಕಡಾ ಇಷ್ಟು ಎಂದು ಅಂಕಿ.

"ಅಯ್ಯ!" ಎಂದು ಹುಡುಗಿ ಹಣೆ ಬಡಿದುಕೊಂಡಳು. "ಮೂರು ದಿನದಿಂದ ಈ ವಿಂಡೋಸ್ ಕೇಳ್ಲಿಕ್ಕತ್ತಿತ್ತು, ಹೊಸಾ ಅಪ್ಡೇಟ್ ಹಾಕ್ಕೊಳ್ಳಲೇನು ಅಂತ. ನಾನ ನಾಳೆ ನಾಳೆ ಅಂತ ಮುಂದ ಹಾಕಿದ್ದೆ. ಈಗ ತಾನ ಹಾಕ್ಕೊಳ್ಳಿಕ್ಕತ್ತೇದ."

"ಬಂದ್ ಮಾಡಿ ಚಾಲೂ ಮಾಡ್ರಿ," ಎಂದ ಮಗ.

"ಮುಟ್ಟಬಾರದ್ರಿ. ನಡುವ ಬಂದ್ ಮಾಡಿದ್ರ ಪೂರ್ತಿ ಕೆಡ್ತದ. ಕಾಯೂದ."

ಕಾಯುವುದು ನನ್ನಿಂದ ಆಗುವ ಕೆಲಸವಲ್ಲ. ಮಗ ಬಾಗಿಲಿಂದ ಬಾಲ್ಕನಿಗೆ, ನಾನು ಬಾಲ್ಕನಿಯಿಂದ ಬಾಗಿಲಿಗೆ. ನಡುವೆ ಎದುರುಬದುರಾದಾಗ ಇಬ್ಬರೂ ಬೇರೆ ಕಡೆ ನೋಡಿದೆವು. ಹುಡುಗಿಗೆ ಇನ್ನೂ ಊಟವಾಗಿಲ್ಲ ಎಂದು ತಿಳಿದು ಸೊಸೆ ಅವಳಿಗಾಗಿ ಎರಡು ರೊಟ್ಟಿ ಬಡಿಯಲು ನಿಂತಳು. ನಾನು ಅಡುಗೆಮನೆಯ ಬಾಗಿಲಿಗೆ ಆತು ನಿಂತೆ. ಸೊಸೆ ತಲೆ ಎತ್ತದೆ, "ನೀರು ಬರೋಬ್ಬರಿ ಅದ, ಉರಿ ಬರೋಬ್ಬರಿ ಅದ," ಎಂದಳು.

ನಾನು ನೀರನ್ನಾಗಲಿ ಉರಿಯನ್ನಾಗಲಿ ನೋಡುತ್ತಿರಲಿಲ್ಲ. ಅವಳ ಕೈ ನೋಡುತ್ತಿದ್ದೆ. ಜೀವಮಾನವೆಲ್ಲ ರೊಟ್ಟಿ ಬಡಿದಿದ್ದೇನೆ, ಆದರೆ ಬಡಿಯುವ ಕೈಯನ್ನು ಎದುರಿಗೆ ನಿಂತು ನೋಡಿದ್ದು ಅಂದೇ. ಬಲಗೈ ಪೂರ್ತಿ ಹಿಟ್ಟಿನ ಮೇಲೆ ಬೀಳುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಅಂಚು ಹಿಡಿದು ರೊಟ್ಟಿಯನ್ನು ತಿರುಗಿಸುತ್ತವೆ. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮಾತ್ರ ಹಿಟ್ಟು ಸೋಕದಂತೆ ಮೇಲೆ ಎದ್ದು ನಿಂತಿರುತ್ತವೆ, ಮದುವೆಮನೆಯಲ್ಲಿ ಎಲ್ಲಿ ಕೆಲಸಕ್ಕೆ ಕರೆದಾರೋ ಎಂದು ಮೂಲೆಯಲ್ಲಿ ನಿಂತ ನಾದಿನಿಯರಂತೆ.

"ನಿನಗ ಹಂಗ ಬೆರಳು ಎತ್ತು ಅಂತ ಯಾರು ಕಲಿಸಿದ್ರು?"

"ಯಾರು ಕಲಿಸ್ತಾರ? ನಿಮ್ಮನ್ನ ನೋಡಿ ಕಲ್ತದ್ದು. ಇಷ್ಟು ವರ್ಷ ಇಲ್ಲೇ ನಿಂತು ನೋಡೀನಿ."

ಹೊರಗಿನಿಂದ ಹುಡುಗಿ, "ಚಾಲೂ ಆತ್ರಿ!" ಎಂದು ಕೂಗಿದಳು. ಓಡಿದೆ.

ಲ್ಯಾಪ್‌ಟಾಪ್ ಹೊಸದಾಗಿ ಎದ್ದು ಕುಳಿತಿತ್ತು. ಮಲಗುವ ಮುಂಚೆ ತೆರೆದಿದ್ದ ಕಾಗದಗಳನ್ನೆಲ್ಲ ತಾನೇ ಒಂದೊಂದಾಗಿ ತೆರೆದು ಹರಡತೊಡಗಿತು. ಯಾರದೋ ಕರಾರು, ಇನ್ನಾರದೋ ಕರಾರು. ಮೂರನೆಯದು ಪರದೆ ತುಂಬ ಬಂತು. ಮರಾಠಿಯಲ್ಲಿ ಮೇಲೆ ದಪ್ಪಕ್ಷರದಲ್ಲಿ ಮುಖತ್ಯಾರಪತ್ರ. ಅದರ ಕೆಳಗೆ ನನ್ನ ಹೆಸರು.

ಹುಡುಗಿ ಮುಚ್ಚಲು ಕೈ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಮರಾಠಿ ಓದಲು ನನಗೆ ಚೆನ್ನಾಗಿಯೇ ಬರುತ್ತದೆ. 'ವೃದ್ಧಾಪ್ಯದ ಕಾರಣ ನನಗೆ ಓಡಾಡಲು ಶಕ್ಯವಿಲ್ಲದ್ದರಿಂದ, ನನ್ನ ವ್ಯವಹಾರ ನನಗೆ ನೋಡಿಕೊಳ್ಳಲು ಆಗದ್ದರಿಂದ' ಎಂದು ನಾನೇ ಹೇಳುತ್ತಿರುವಂತೆ ಬರೆದಿತ್ತು. ಸಹಿಯ ಜಾಗ ಮಾತ್ರ ಖಾಲಿ.

"ಇದು ಯಾವಾಗ ಬರದದ್ದು?"

ಹುಡುಗಿ ಮಗನ ಕಡೆ ನೋಡಿದಳು. ಮಗ ಫ್ಯಾನಿನ ಕಡೆ ನೋಡಿದ.

"ಹೋದ ವಾರನ ಇವರು ಹೇಳಿದ್ರು," ಎಂದಳು ಹುಡುಗಿ ಸಣ್ಣ ದನಿಯಲ್ಲಿ. "ಅಜ್ಜೀ, ಅದು ನಮೂನೆ ಇರ್ತದ್ರಿ. ಎಲ್ಲಾರಿಗೂ ಹಂಗ ಬರೀತೀವಿ."

"ಎಲ್ಲಾರಿಗೂ ಹಂಗ ಬರೀತಾರವ್ವಾ," ಎಂದ ಮಗನೂ. "ಎರಡೆರಡು ಸಲ ಈಕಿನ್ನ ಕರಸೂದು ಬ್ಯಾಡಂತ ತಯಾರ ಇಟ್ಟಿದ್ದೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬಸ್ಸು ಹೊರಟೇಹೋಯಿತು ಎನ್ನುವಾಗ ಆಗುವಂಥ ಗಡಿಬಿಡಿ. ಅವನು ಕೆಟ್ಟವನಲ್ಲ. ನನ್ನ ಮಾತ್ರೆಗಳನ್ನು ವಾರದ ಡಬ್ಬಿಗೆ ಹಾಕಿಡುವವನು ಅವನೇ. ಹಾಗೆಯೇ ನನ್ನನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಲು ಹೊರಟಿದ್ದ, ಅಷ್ಟೇ.

"ಇನ್ನ ಒಂದ ಸಲ ಉಳದದಲ್ಲ?" ಎಂದೆ ಹುಡುಗಿಗೆ.

"ಹೌದ್ರಿ. ನಡುಬೆರಳು ನೋಡೂಣೇನ್ರಿ?"

"ಬ್ಯಾಡ. ಎಡಗೈದು ಉಂಗುರದ ಬೆರಳು."

"ಅದು ಸಣ್ಣದ್ರಿ, ಅದನ್ನ ಯಾರೂ ಇಡೂದಿಲ್ಲ."

"ಇಡು. ಅದು ಈ ಮನ್ಯಾಗ ಒಂದೂ ಕೆಲಸಾ ಮಾಡಿಲ್ಲ. ಅದರ ಗೆರಿ ಎಲ್ಲಿ ಸವೀತಾವ?"

ಸೊಸೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನಾನು ಬೆರಳಿಟ್ಟೆ. ಹುಡುಗಿ ಒತ್ತಲು ಬಂದಾಗ ಬೇಡವೆಂದು ನಾನೇ ಒತ್ತಿದೆ. ಚಕ್ರ ತಿರುಗಿತು. ಗಾಜು ಬೆಚ್ಚಗಾಗುತ್ತಿದೆಯೋ ನನ್ನ ಬೆರಳೇ ಬೆವರುತ್ತಿದೆಯೋ ತಿಳಿಯಲಿಲ್ಲ. ನನ್ನ ಮೊಣಕಾಲು ಟೀಪಾಯಿಗೆ ಬಡಿದು ಟಕಟಕ ಎನ್ನುತ್ತಿತ್ತು, ಮಗ ಅದರ ಮೇಲೆ ಕೈಯಿಟ್ಟು ನಿಲ್ಲಿಸಿದ.

ಹಸಿರು.

"ಆತ್ರಿ ಅಜ್ಜೀ!" ಎಂದು ಹುಡುಗಿ ಕುಳಿತಲ್ಲೇ ಕುಪ್ಪಳಿಸಿದಳು. ಸೊಸೆ ಹಿಟ್ಟಿನ ಕೈಯಿಂದಲೇ ಚಪ್ಪಾಳೆ ತಟ್ಟಿದಳು. ಹುಡುಗಿಯ ಲ್ಯಾಪ್‌ಟಾಪಿನ ಮೇಲೆಲ್ಲ ಜೋಳದ ಹಿಟ್ಟು ಉದುರಿತು. ಕರಾರಿಗೆ ಕೂಡಲೇ ಫೋಟೋ ತೆಗೆಯಬೇಕೆಂದು ಹುಡುಗಿ ಕ್ಯಾಮೆರಾ ಹಿಡಿದು, "ನಗಬ್ಯಾಡ್ರಿ, ಹಲ್ಲು ಕಾಣಬಾರದು," ಎಂದು ಮೂರು ಸಲ ಹೇಳಿದಳು. ಕಾಗದದ ಮೇಲೆ ಈಗಲೂ ನಾನು ಹುಣಸೆಹಣ್ಣು ಬಾಯಲ್ಲಿ ಬಚ್ಚಿಟ್ಟುಕೊಂಡವಳ ಹಾಗೆ ಕಾಣುತ್ತೇನೆ.

ಎಲ್ಲ ಮುಗಿದ ಮೇಲೆ ಹುಡುಗಿ ಊಟಕ್ಕೆ ಕುಳಿತಳು. "ಮತ್ತ ಆ ಮುಖತ್ಯಾರಪತ್ರ ಅಳಿಸಿಬಿಡ್ಲೇನ್ರಿ?" ಎಂದು ಮಗನನ್ನು ಕೇಳಿದಳು. ಅವನು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ.

"ಬ್ಯಾಡ, ಇರಲಿ. ಮುಂದ ಒಂದಿನ ಬೇಕಾಗ್ತದ. ಆದ್ರ ಅದರಾಗ ಓಡಾಡಲಿಕ್ಕೆ ಬರೂದಿಲ್ಲಂತ ಬರದದ್ದು ತಗದುಹಾಕು. ಸಹಿ ಮಾಡೂದು ಯಾವಾಗ ಅಂತ ನಾ ಹೇಳ್ತೀನಿ. ಮತ್ತ ಇವನ ಹೆಸರು ತಗದು ಈಕಿ ಹೆಸರು ಹಾಕು." ಸೊಸೆಯ ಕಡೆ ತೋರಿಸಿದೆ.

ಸೊಸೆ ಗಾಬರಿಯಾದಳು. "ನಾ ಯಾಕ್ರಿ ಅತ್ಯಾರ? ನನಗ ನಿಮ್ಮ ರೊಟ್ಟಿನ ಸಾಕಾಗ್ಯಾವ!"

"ಇಷ್ಟು ವರ್ಷ ಸುಮ್ನ ನಿಂತು ನೋಡಿ ಕಲ್ತೀಯಲ್ಲ, ಅದಕ್ಕ. ಮುಂದಿನ ತಿಂಗಳು ನನ್ನ ಕೂಡ ಬಿಬವೇವಾಡಿಗೆ ಬಾ. ನಲ್ಲಿ ತೋರಸ್ತೀನಿ, ನೆರೆಮನಿಯಾಕಿನ್ನ ತೋರಸ್ತೀನಿ."

"ಮತ್ತ ನಾ?" ಎಂದ ಮಗ.

"ನೀ ಸಾಕ್ಷಿ. ನಿನ್ನ ಬೆರಳು ಛಲೋ ಹಿಡಿತದ."

ಅವನು ನಗಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹುಡುಗಿಯ ತಟ್ಟೆಯಿಂದ ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮಾತ್ರೆಯ ಡಬ್ಬಿ ಮಾತ್ರ ತುಂಬಿಯೇ ಇರುತ್ತಿತ್ತು.

ಕರಾರು ಹನ್ನೊಂದು ತಿಂಗಳದ್ದು. ಪುಣೆಯಲ್ಲಿ ಎಲ್ಲರೂ ಮಾಡಿಸುವುದು ಅಷ್ಟಕ್ಕೇ. ಅದು ಮುಗಿದಾಗ ಮತ್ತೆ ಅದೇ ಗಾಜು, ಅದೇ ಚಕ್ರ, ಮೂರೇ ಸಲ. ನರ್ಸ್‌ಗೆ ಕೀಲಿಕೈ ಕೊಟ್ಟು ಬಂದ ಮರುದಿನವೇ ನಾನು ಒಲೆಯ ಮುಂದಿನ ನನ್ನ ಜಾಗಕ್ಕೆ ಮರಳಿದ್ದೇನೆ. ದಿನ ಬಿಟ್ಟು ದಿನ ಸೊಸೆಯ ಪಾಳಿ, ದಿನ ಬಿಟ್ಟು ದಿನ ನನ್ನದು. ಇಷ್ಟು ವರ್ಷ ತನ್ನಷ್ಟಕ್ಕೆ ಮೇಲೆದ್ದು ನಿಲ್ಲುತ್ತಿದ್ದ ಆ ಬೆರಳಿಗೆ, ನಾನು ಎತ್ತಿ ಹಿಡಿಯಬೇಕೆಂದು ನೆನಪಿಟ್ಟುಕೊಂಡ ದಿನದಿಂದ ಏನಾಗಿದೆಯೋ, ಮತ್ತೆ ಮತ್ತೆ ಹಿಟ್ಟಿಗೆ ಇಳಿಯುತ್ತದೆ. ಆಗ ಹೊರಗಿನ ಕೋಣೆಯಿಂದಲೇ ಸೊಸೆ ಕೂಗುತ್ತಾಳೆ:

"ಅತ್ಯಾರ, ಬೆರಳು!"